ಸಹಿಯಿಲ್ಲದ ಚಿತ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಪುಣೆಯ ಕ್ಯಾಂಪ್‌ನ ಹಳೆಯ ಬಂಗಲೆಯೊಂದರ ಸಾಮಾನಿನ ಜೊತೆ ನಮ್ಮ ತಾತ ಕೊಂಡ ಭೂದೃಶ್ಯದ ತೈಲಚಿತ್ರವೊಂದು ಮನೆಯಲ್ಲಿದೆ. ಬ್ರಿಟಿಷರ ಕಾಲದ್ದಂತೆ. ಸಹಿ ಇಲ್ಲ. ಇದಕ್ಕೆ ಬೆಲೆ ಇದೆಯೇ?
– ಓದುಗರು, ಪುಣೆ

ಉತ್ತರ: ಇರಬಹುದು. ಆದರೆ ಅದು ತೈಲಚಿತ್ರವೇ ಎಂಬುದು ಮೊದಲು ಖಚಿತವಾಗಲಿ. ನಿಮ್ಮ ಜಿಲ್ಲೆಯ ಮಳವಲಿಯಲ್ಲೇ ರವಿವರ್ಮ ಪ್ರೆಸ್ ಇತ್ತು. ಅಂಥ ಅಚ್ಚುಕೂಟಗಳ ಓಲಿಯೋಗ್ರಾಫ್‌ ಎಂಬ ಬಣ್ಣದ ಅಚ್ಚುಚಿತ್ರಗಳಿಗೆ ವಾರ್ನಿಷ್ ಬಳಿದರೆ ತೈಲಚಿತ್ರದಂತೆಯೇ ಕಾಣುತ್ತವೆ. ಭೂತಗನ್ನಡಿ ಹಿಡಿದು ನೋಡಿ: ಬಣ್ಣ ಸಣ್ಣ ಚುಕ್ಕೆಗಳಾಗಿ ಕಂಡರೆ ಅದು ಅಚ್ಚು.

ಬಳಿಕ ಚಿತ್ರವನ್ನು ತಿರುಗಿಸಿ. ಕ್ಯಾನ್ವಾಸಿನ ಬೆನ್ನ ಮೇಲೆ ವಿನ್ಸರ್ ಅಂಡ್ ನ್ಯೂಟನ್ ಮುದ್ರೆಯಿದ್ದರೆ ಅದು 1832ಕ್ಕಿಂತ ಹಳೆಯದಲ್ಲ. ಲಂಡನ್ನಿನ ಆ ಕಂಪನಿ ಶುರುವಾದದ್ದೇ ಆ ವರ್ಷ. ಚೌಕಟ್ಟಿನ ಅಂಗಡಿಯ ಚೀಟಿ, ಪೆನ್ಸಿಲಿನಲ್ಲಿ ಗೀಚಿದ ಊರಿನ ಹೆಸರು, ಹಳೆಯ ಮೊಳೆ ಎಲ್ಲವನ್ನೂ ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡಿ.

ಸಹಿ ಇಲ್ಲದ್ದು ಅಚ್ಚರಿಯಲ್ಲ. 1790ರ ದಶಕದಲ್ಲಿ ಪೇಶ್ವೆಯ ಪುಣೆಯಲ್ಲಿ ಜೇಮ್ಸ್ ವೇಲ್ಸ್ ಎಂಬ ಸ್ಕಾಟಿಷ್ ಕಲಾವಿದ ಚಿತ್ರ ಬರೆಯುತ್ತಿದ್ದ. ಊರಿನವನೇ ಆದ ಗಂಗಾರಾಮ ತಾಂಬಟ ಅವನ ಜೊತೆ ದುಡಿದ. ಆದರೆ ಚಿತ್ರ ಬರೆದವರು ಇಂಥ ಕಲಾವಿದರಷ್ಟೇ ಅಲ್ಲ; ಬ್ರಿಟಿಷ್ ಸೇನಾಧಿಕಾರಿಗಳಿಗೆ ಚಿತ್ರಕಲೆ ತರಬೇತಿಯ ಭಾಗವೇ ಆಗಿತ್ತು. ಹವ್ಯಾಸಕ್ಕೆ ಬರೆದವರು ಎಷ್ಟೋ ಸಲ ಹೆಸರು ಹಾಕುತ್ತಿರಲಿಲ್ಲ. ಹಾಗಾಗಿ ದೊಡ್ಡ ಹೆಸರನ್ನು ಹುಡುಕುವ ಮೊದಲು ಚಿತ್ರದಲ್ಲಿರುವ ಜಾಗವನ್ನು ಗುರುತಿಸಿ. ಪರ್ವತಿ ಬೆಟ್ಟವೋ ಮುಳಾ-ಮುಠಾ ಸಂಗಮವೋ ಇದ್ದರೆ, ಬರೆದವರು ಯಾರೇ ಆಗಲಿ, ಅದು ಊರಿನ ಇತಿಹಾಸದ ದಾಖಲೆ. ಇಂಗ್ಲೆಂಡಿನ ಹಳ್ಳಿಯಾದರೆ ಅಂಥವು ಅಲ್ಲಿ ಬೇಕಾದಷ್ಟಿವೆ. ಅದೇ ಅಳತೆಯ, ಅದೇ ಬಗೆಯ ಅನಾಮಿಕ ಚಿತ್ರಗಳು ಹರಾಜಿನಲ್ಲಿ ಎಷ್ಟಕ್ಕೆ ಹೋಗಿವೆ ಎಂಬುದೇ ಅಳತೆಗೋಲು. ಹರಾಜು ಪಟ್ಟಿಯಲ್ಲಿ ‘ಇಂಥವರದು’ ಎಂಬುದಕ್ಕೂ ‘ಇಂಥವರ ಶೈಲಿಯದು’ ಎಂಬುದಕ್ಕೂ ಬೆಲೆಯಲ್ಲಿ ಭಾರಿ ಅಂತರ. ಹರಾಜು ಸಂಸ್ಥೆಯೊಂದರಿಂದ ಬರಹದಲ್ಲೇ ಅಭಿಪ್ರಾಯ ಪಡೆಯಿರಿ. ಕೊಳ್ಳಲು ಬಂದವರಿಂದಲೇ ಬೆಲೆ ಕಟ್ಟಿಸಬೇಡಿ.

ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹೊಸ ವಾರ್ನಿಷ್ ಹಚ್ಚಿಸಬೇಡಿ. ಮಸಿ ಹಿಡಿದ ಚಿತ್ರವನ್ನು ಪರಿಣತರು ಸರಿಪಡಿಸಬಲ್ಲರು. ಉಜ್ಜಿದಾಗ ಕಳಚಿಹೋದ ಬಣ್ಣ ಮರಳಿ ಬಾರದು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾಸಂರಕ್ಷಣಾ ಕೇಂದ್ರವಿದೆ. ಅಲ್ಲಿ ಟಾಟಾ ಸಹೋದರರು ಸಂಗ್ರಹಿಸಿದ ಯುರೋಪಿನ ತೈಲಚಿತ್ರಗಳನ್ನೂ ನೋಡಿ ಬನ್ನಿ, ಕಣ್ಣು ಪಳಗುತ್ತದೆ. ನೂರು ವರ್ಷ ದಾಟಿದ ಚಿತ್ರವನ್ನು 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೀವಾಗಿ ವಿದೇಶಕ್ಕೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ.

ಕೊನೆಯದಾಗಿ, ಆ ಬಂಗಲೆ ಯಾರದು, ತಾತ ಯಾವಾಗ ಕೊಂಡರು ಎಂದು ಬಲ್ಲ ಹಿರಿಯರಿದ್ದರೆ ಇಂದೇ ಕೇಳಿ ಬರೆದಿಡಿ. ರಸೀದಿ, ಪತ್ರ, ಗೋಡೆಯ ಮೇಲೆ ಈ ಚಿತ್ರ ಕಾಣುವ ಹಳೆಯ ಫೋಟೊ ಸಿಕ್ಕರೆ ಜೋಪಾನ ಮಾಡಿ. ಸಹಿ ಇಲ್ಲದ ಚಿತ್ರದ ಪರವಾಗಿ ಸಾಕ್ಷಿ ನುಡಿಯುವವು ಅವೇ.