ಮಲ್ಲಿಗೆಯ ಪಕ್ಕ ಬಾಳೆಹಣ್ಣು ಬೇಡ

ಬೇಸಿಗೆ ಬಂತೆಂದರೆ ಕೈತೋಟದವರ ದೂರು ಶುರುವಾಗುತ್ತದೆ: ಕುಂಡದ ತುಂಬ ಮಲ್ಲಿಗೆ ಬಿಡುತ್ತಿದೆ, ಘಮವೇ ಇಲ್ಲ. ಅಂಗಡಿಯವರು ಹೇಳುವ ಮದ್ದು ಒಂದೇ, ಟಾನಿಕ್ ಸಿಂಪಡಿಸಿ. ಎಷ್ಟು ಹೂ ಬಿಡಬೇಕು, ಎಷ್ಟು ಪರಿಮಳ ಹೊಮ್ಮಬೇಕು ಎಂಬುದಕ್ಕೆ ಗಿಡದೊಳಗೆ ಬೇರೆ ಬೇರೆ ಲೆಕ್ಕವಿದೆ. ಅದನ್ನು ತಿಳಿಯದೆ ಸಿಂಪಡಿಸಿದರೆ ಇದ್ದ ಘಮವೂ ಹೋದೀತು.

ಎಸಳಿನ ಜೀವಕೋಶಗಳು ಪರಿಮಳವನ್ನು ಆಗಿಂದಾಗ್ಗೆ ತಯಾರಿಸಿ ಗಾಳಿಗೆ ಬಿಡುತ್ತವೆ. ಮಲ್ಲಿಗೆಯಲ್ಲಿ ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಪ್ರಮುಖವಾದವು. ಈ ತಯಾರಿ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂಬುದರಲ್ಲಿ ಸಸ್ಯ ಹಾರ್ಮೋನುಗಳ ಮಾತು ನಡೆಯುತ್ತದೆ. ಜಾಸ್ಮೊನೇಟ್, ಜಿಬ್ಬರೆಲಿನ್, ಎಥಿಲೀನ್ ಈ ಮೂರನ್ನು ನೆನಪಿಟ್ಟರೆ ನಮ್ಮ ಕೆಲಸಕ್ಕೆ ಸಾಕು. ಮೀಥೈಲ್ ಜಾಸ್ಮೊನೇಟನ್ನು 1962ರಲ್ಲಿ ಬೇರ್ಪಡಿಸಿದ್ದು ಜಾಜಿಯ ಎಣ್ಣೆಯಿಂದಲೇ.

ಮೊದಲ ಹೆಜ್ಜೆ ತಳಿಯ ಆಯ್ಕೆ. ಘಮವಿಲ್ಲದ ತಳಿಗೆ ಯಾವ ಹಾರ್ಮೋನೂ ಘಮ ತರದು. ಸುಗಂಧರಾಜ ನೆಡುವವರು ಒಂಟಿ ಸುತ್ತಿನದನ್ನೇ ಆರಿಸಿ. ಎಸಳು ಹೆಚ್ಚಿದ ಡಬಲ್ ಬಗೆ ನೋಡಲು ಚೆಂದ, ಪರಿಮಳ ಕಡಿಮೆ. ಕುಂಡವನ್ನು ಬಿಸಿಲಿಗಿಡಿ.

ಎರಡನೆಯದು, ಟಾನಿಕ್ ಬಾಟಲಿಯ ಲೇಬಲ್ ಓದಿ. ಜಿಬ್ಬರೆಲಿಕ್ ಆಸಿಡ್ ಅಥವಾ ಜಿಎ3 ಎಂದಿದ್ದರೆ ಹೂಗಿಡಕ್ಕೆ ಹಾಕಬೇಡಿ. ಪೆಟೂನಿಯಾದಲ್ಲಿ ಜಿಬ್ಬರೆಲಿನ್ ಪರಿಮಳದ ತಯಾರಿಗೆ ಕಡಿವಾಣ ಹಾಕುತ್ತದೆ. ಅದರ ಪ್ರಭಾವ ತಗ್ಗಿದ ಮೇಲೆಯೇ ಹೂ ಘಮಘಮಿಸುವುದು. ಆದರೆ ವಿಜ್ಞಾನಿಗಳ ಪ್ರಯೋಗದ ಗಿಡವಾದ ಅರಾಬಿಡಾಪ್ಸಿಸ್‌ನ ಹೂವಿನಲ್ಲಿ ಇದೇ ಹಾರ್ಮೋನು ಜಾಸ್ಮೊನೇಟ್ ಜೊತೆ ಸೇರಿ ಕೆಲವು ಸುಗಂಧ ಸಂಯುಕ್ತಗಳನ್ನು ಹೆಚ್ಚಿಸುತ್ತದೆ. ಒಂದೇ ಹಾರ್ಮೋನು, ಗಿಡ ಬದಲಾದರೆ ಫಲವೂ ಬದಲು. ಹಾಗಿರುವಾಗ ಎಲ್ಲ ಹೂಗಳ ಪರಿಮಳ ಹೆಚ್ಚಿಸುತ್ತದೆ ಎಂದು ಮಾರುವ ಸೀಸೆಯನ್ನು ನಾನಂತೂ ನಂಬುವುದಿಲ್ಲ. ಕಾಂಪೋಸ್ಟ್ ಕೊಡಿ, ಯೂರಿಯಾ ಮಿತಿಯಲ್ಲಿರಲಿ.

ಮೂರನೆಯದು ಕೊಯ್ಲು. ಪೂರ್ತಿ ಬಲಿತ, ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗನ್ನು ಬೆಳಗಿನ ತಂಪಿನಲ್ಲೇ ಬಿಡಿಸಿ. ಸಂಜೆ ಬಿರಿಯುವಾಗ ಘಮ ತಾನಾಗಿ ಏಳುತ್ತದೆ. ಹಸಿರು ಛಾಯೆಯ ಎಳೆ ಮೊಗ್ಗು ಕಿತ್ತರೆ ಬಿರಿಯದೇ ಬಾಡುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪೂಜೆಗೆಂದು ಹೂ, ಹಣ್ಣು, ಕಾಯಿ ಒಂದೇ ಚೀಲದಲ್ಲಿ ಮನೆಗೆ ಬರುತ್ತವೆ. ರಾತ್ರಿಯಿಡೀ ಅದೇ ತಟ್ಟೆಯಲ್ಲಿ, ಇಲ್ಲವೇ ಫ್ರಿಜ್ಜಿನ ಒಂದೇ ಖಾನೆಯಲ್ಲಿ ಕೂತಿರುತ್ತವೆ. ಮಾಗಿದ ಬಾಳೆ, ಮಾವು, ಸೇಬು, ಪಪಾಯ ಎಥಿಲೀನ್ ಅನಿಲ ಬಿಡುತ್ತಲೇ ಇರುತ್ತವೆ. ಹಣ್ಣಿಗೆ ಅದು ಮಾಗುವ ಸಂದೇಶ. ಮಲ್ಲಿಗೆ, ಕಾರ್ನೇಷನ್, ಪೆಟೂನಿಯಾದಂಥ ಹೂಗಳಿಗೆ ಬಾಡುವ ಸಂದೇಶ. ಮಾಗುವ ಸೇಬು ಎಥಿಲೀನ್ ಹೊರಬಿಡುತ್ತದೆಂದು ವಿಜ್ಞಾನಿ ರಿಚರ್ಡ್ ಗೇನ್ ತೋರಿಸಿದ್ದು 1934ರಲ್ಲಿ. ಇಷ್ಟು ವರ್ಷವಾದರೂ ನಮ್ಮ ದೇವರ ಮನೆಗೆ ಆ ಸುದ್ದಿ ತಲುಪಿಲ್ಲ.

ಪೆಟೂನಿಯಾ ಇದನ್ನು ಚೆನ್ನಾಗಿ ತೋರಿಸುತ್ತದೆ. ಪರಾಗಸ್ಪರ್ಶವಾಗುತ್ತಲೇ ಹೂವಿನೊಳಗೆ ಎಥಿಲೀನ್ ಹುಟ್ಟುತ್ತದೆ. ದುಂಬಿ, ಪತಂಗ ಕರೆಯುವ ಅಗತ್ಯ ಮುಗಿದದ್ದರಿಂದ ಎಸಳು ಪರಿಮಳದ ತಯಾರಿ ನಿಲ್ಲಿಸುತ್ತದೆ. ಎಥಿಲೀನನ್ನು ಗುರುತಿಸಲಾಗದಂತೆ ಮಾರ್ಪಡಿಸಿದ ಗಿಡದಲ್ಲಿ ಪರಾಗಸ್ಪರ್ಶದ ನಂತರವೂ ಘಮ ಮುಂದುವರಿಯಿತು. ಹಣ್ಣಿನ ಪಕ್ಕ ಹೂವಿಟ್ಟಾಗ ನಿನ್ನ ಕೆಲಸ ಮುಗಿಯಿತೆಂಬ ಅದೇ ಸಂದೇಶವನ್ನು ನಾವು ಹೊರಗಿನಿಂದ ಕಳಿಸುತ್ತೇವೆ.

ಬಟ್ಟೆ ಮುಚ್ಚಿದರೆ, ಬಾಳೆ ಎಲೆ ಸುತ್ತಿದರೆ ಅನಿಲ ತಡೆಯುತ್ತದೆಂದು ತಿಳಿಯಬೇಡಿ. ಎಲೆಯಿಂದ ತೇವ ಉಳಿಯುತ್ತದೆ, ಅದು ಇರಲಿ. ಹಣ್ಣು ಮಾತ್ರ ಬೇರೆ ಕೋಣೆಗೆ ಹೋಗಲಿ. ಫ್ರಿಜ್ಜೇ ಗತಿಯೆಂದಾದರೆ ಮಾಲೆಯನ್ನು ಒದ್ದೆ ಎಲೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಒಂದೇ ಬುಟ್ಟಿಯಲ್ಲಿ ಒಯ್ಯಲೇಬೇಕಾದರೆ ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಒಯ್ಯಿರಿ, ಇವು ಬಿಡುವ ಎಥಿಲೀನ್ ತೀರಾ ಕಡಿಮೆ. ಊದುಬತ್ತಿಯ ಹೊಗೆಯಲ್ಲೂ ಎಥಿಲೀನ್ ಇರುತ್ತದೆ, ಹೂವಿನ ಬುಟ್ಟಿಯಿಂದ ಅದನ್ನು ದೂರ ಹಚ್ಚಿ.

ಮುಡಿಯುವ ಮುನ್ನ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. ತಣ್ಣಗಿರುವ ಎಸಳಿನಿಂದ ಘಮ ಏಳದು. ಹೂದಾನಿಯ ಸುಗಂಧರಾಜಕ್ಕೆ ದಿನವೂ ನೀರು ಬದಲಿಸಿ, ದಂಟಿನ ತುದಿ ಓರೆಯಾಗಿ ಕತ್ತರಿಸಿ. ಕೆಳಗಿನ ಬಾಡಿದ ಹೂಗಳನ್ನು ಆಗಲೇ ಕಿತ್ತುಬಿಡಿ, ಅವೂ ಎಥಿಲೀನ್ ಬಿಡುತ್ತವೆ.