ಜ್ಞಾನೋಪದೇಶವೂ ಅನ್ಯೋನ್ಯತಾಕೂಟಗಳೂ

ಲೂಥರನ ಕಿರಿಯ ಜ್ಞಾನೋಪದೇಶವು 1529ರಲ್ಲಿ ಅಚ್ಚಾಯಿತು. ಸಾಕ್ಸನಿ ದೇಶದ ಸಭೆಗಳನ್ನು ಸಂದರ್ಶಿಸಿದಾಗ ಹಳ್ಳಿಯ ಜನರಿಗೆ ದಶಾಜ್ಞೆಗಳು ಸಹ ತಿಳಿಯದಿರುವದನ್ನು ಕಂಡು ಅವನು ಬಹಳ ನೊಂದಿದ್ದನು. ಆ ಪಾಠಗಳನ್ನು ಮನೆಯ ಯಜಮಾನನೇ ತನ್ನ ಮನೆಯವರಿಗೆ ಕಲಿಸಬೇಕೆಂಬದು ಅವನ ಏರ್ಪಾಡು. ಹೆತ್ತವರು ಇದನ್ನು ಗಮನಿಸಬೇಕು. ಉಪದೇಶದ ಭಾರವನ್ನೆಲ್ಲಾ ಶಾಲೆಯ ಮೇಲೆ ಹೊರಿಸುವದು ಲೂಥರನ ಮಾರ್ಗವಲ್ಲ.

ಆದರೆ ಬಾಯಿಪಾಠವಾದದ್ದೆಲ್ಲಾ ಹೃದಯಕ್ಕೆ ಇಳಿಯುವದಿಲ್ಲ. ಇದನ್ನರಿತ ಫ್ರಾಂಕ್‌ಫರ್ಟ್ ಪಟ್ಟಣದ ಬೋಧಕನಾದ ಸ್ಪೇನರನು 1670ರಲ್ಲಿ ತನ್ನ ಮನೆಯಲ್ಲಿ ಭಕ್ತಿಕೂಟವನ್ನು ಆರಂಭಿಸಿದನು. ಅಲ್ಲಿ ಪ್ರಾರ್ಥನೆ, ಭಕ್ತಿಗ್ರಂಥದ ವಾಚನ, ಬಳಿಕ ಪರಸ್ಪರ ಸಂಭಾಷಣೆ. ವಿಶ್ವಾಸಿಗಳೆಲ್ಲರಿಗೂ ಯಾಜಕತ್ವವುಂಟೆಂಬ ಲೂಥರನ ಬೋಧನೆಯನ್ನು ಅವನು 1675ರ ತನ್ನ ಗ್ರಂಥದಲ್ಲಿ ಪುನಃ ಎತ್ತಿಹಿಡಿದನು. ಹೀಗಿದ್ದರೂ ಅವನ ಕೂಟದಲ್ಲಿ ಸ್ತ್ರೀಯರು ಮರೆಯಲ್ಲಿ ಕುಳಿತು ಕೇಳಬಹುದಾಗಿತ್ತೇ ಹೊರತು ಮಾತಾಡುವಂತಿರಲಿಲ್ಲ! ಅದೇ ಪಟ್ಟಣದ ಸಾಲ್‌ಹೋಫಿನಲ್ಲಿ ಯೊಹಾನಾ ಎಲಿಯೊನೋರಾ ಫೊನ್ ಮೆರ್ಲೌ ಎಂಬಾಕೆಯು ಮತ್ತೊಂದು ಕೂಟವನ್ನು ನಡಿಸಿದಳು. ಆಕೆಯು ಪುಸ್ತಕಗಳನ್ನೂ ಬರೆದಳು. ಸಹೋದರಿಯರೇ, ನಮ್ಮ ಕೂಟಗಳಲ್ಲಿ ಪ್ರಶ್ನೆ ಕೇಳುವವರು ಯಾರು, ಸುಮ್ಮನೆ ಕುಳಿತಿರುವವರು ಯಾರು ಎಂಬದನ್ನು ವಿಚಾರಿಸಿ ನೋಡಿರಿ.

ಕೆಲವರು ಕೂಟವನ್ನೇ ಹಿಡಿದು ಸಭೆಯನ್ನು ಬಿಟ್ಟುಹೋದದ್ದರಿಂದ ಅಧಿಕಾರಿಗಳಿಗೆ ಸಂಶಯ ಹುಟ್ಟಿತು. ವ್ಯೂರ್ಟೆಂಬರ್ಗ್ ದೇಶದವರು ಮಾತ್ರ ಜಾಣತನದಿಂದ ನಡೆದರು: ಬೋಧಕನಿಗೆ ತಿಳಿದಿರತಕ್ಕದ್ದು, ಆರಾಧನೆಯ ವೇಳೆಗೆ ಅಡ್ಡಿಯಾಗಬಾರದು ಎಂಬಂಥ ಕಟ್ಟಳೆಗಳೊಡನೆ 1743ರಲ್ಲಿ ಕೂಟಗಳಿಗೆ ಅಪ್ಪಣೆಯಿತ್ತರು. 1834ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನಿಗೆ ಮೋಗ್ಲಿಂಗರೇ ಮೊದಲಾದ ಅನೇಕ ಬೋಧಕರು ಬಂದದ್ದು ಆ ದೇಶದಿಂದಲೇ.