ಕೌದಿಗೆ ಬೆಲೆ ಕಟ್ಟುವುದು: ಲಾಭ-ನಷ್ಟ ಪಾಠದಲ್ಲಿ ಸಿದ್ದಿ ಮಹಿಳೆಯರ ದುಡಿಮೆ

ಕುಂದೂರಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಸಮಯದಲ್ಲಿ ಎಂಟನೇ ತರಗತಿಗೆ ಲಾಭ-ನಷ್ಟದ ಲೆಕ್ಕಗಳನ್ನು ಎರಡು ಅವಧಿಗಳಲ್ಲಿ ಬೋಧಿಸಿದೆ. ಈ ಲೆಕ್ಕಗಳಲ್ಲಿ ಸಾಮಾನ್ಯವಾಗಿ ವ್ಯಾಪಾರಿ ಒಂದು ವಸ್ತುವನ್ನು ಕೊಂಡು ಮಾರುತ್ತಾನೆ. ತಾವೇ ತಯಾರಿಸಿ ಮಾರುವವರಿಗೆ ಕೊಂಡ ಬೆಲೆ ಎಂಬುದಿಲ್ಲ. ಅಸಲನ್ನು ಅವರೇ ಕೂಡಿಸಿ ಕಂಡುಕೊಳ್ಳಬೇಕು. ಇದನ್ನು ಕಲಿಸಲು ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಯನ್ನು ಆರಿಸಿಕೊಂಡೆ.

ಕಲಿಕಾ ಉದ್ದೇಶಗಳು

1. ತಯಾರಿಸಿದ ವಸ್ತುವಿನ ಅಸಲು ಬೆಲೆಯನ್ನು ದುಡಿಮೆ ಸೇರಿಸಿ ಲೆಕ್ಕ ಹಾಕುವುದು.
2. ಶೇಕಡಾ ಲಾಭ, ನಷ್ಟ ಮತ್ತು ಕಮಿಷನ್ ಕಂಡುಹಿಡಿಯುವುದು.
3. ಸಣ್ಣ ಉದ್ಯೋಗ ಮಾಡುವವರಿಗೆ ನ್ಯಾಯವಾದ ಬೆಲೆ ಯಾವುದೆಂದು ಚರ್ಚಿಸುವುದು.

ತೊಡಗಿಕೊಳ್ಳುವಿಕೆ

"ನಮ್ಮ ಬೆಟ್ಟಕ್ಕೆ ಆಫ್ರಿಕಾದಿಂದ ಬಂದದ್ದು ಏನಿದೆ?" ಎಂದು ಕೇಳಿದೆ. ಯಾರೂ ಹೇಳಲಿಲ್ಲ. ತೋಟದ ಅರೇಬಿಕಾ ಕಾಫಿಯ ಮೂಲ ಇಥಿಯೋಪಿಯಾ, ರೊಬಸ್ಟಾದ ಮೂಲವೂ ಆಫ್ರಿಕಾವೇ ಎಂದಾಗ ಮಕ್ಕಳು ಬೆರಗಾದರು. ಬಳಿಕ ಸಿದ್ದಿಯರ ವಿಷಯಕ್ಕೆ ಬಂದೆ. ಅವರ ಪೂರ್ವಿಕರು ಹಲವು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅನೇಕರನ್ನು ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳು ಗುಲಾಮರಾಗಿ ತಂದಿದ್ದರು. ಗೋವಾದಿಂದ ತಪ್ಪಿಸಿಕೊಂಡು ಬಂದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡುಗಳಲ್ಲಿ ನೆಲೆಸಿದರು.

"ಅವರಿಗೆ ಕನ್ನಡ ಬರುತ್ತಾ ಮೇಡಂ?" ಎಂದು ಒಬ್ಬ ಹುಡುಗ ಕೇಳಿದ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಆಡುವ ಸಿದ್ದಿಯರಿದ್ದಾರೆ, 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು ಎಂದು ವಿವರಿಸಿದೆ.

ಅನ್ವೇಷಣೆ

ಪಕ್ಕದ ಮನೆಯಿಂದ ತಂದ ಹಳೆಯ ಕೌದಿಯೊಂದನ್ನು ಮೇಜಿನ ಮೇಲೆ ಹರಡಿ, ಹೊಲಿಗೆಗಳನ್ನು ಎಣಿಸಲು ಗುಂಪುಗಳಿಗೆ ಹೇಳಿದೆ. ಒಂದು ಗೇಣು ಜಾಗದ ಹೊಲಿಗೆ ಎಣಿಸುವಷ್ಟರಲ್ಲಿ ಮಕ್ಕಳಿಗೆ ಸಾಕಾಯಿತು. ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತಾ ಹೋಗುತ್ತಾರೆ. ಮೂಲೆಗಳಿಗೆ 'ಫೂಲ' ಎಂಬ ತ್ರಿಕೋನದ ಮಡಿಕೆ ಇಡುತ್ತಾರೆ. ಇದನ್ನು ತಿಳಿಸಿ, ತರಗತಿಗಾಗಿ ಊಹಿಸಿಕೊಂಡ ಈ ಅಂಕಿಗಳನ್ನು ಕೊಟ್ಟೆ:

ಒಳಪದರದ ಬಟ್ಟೆ ₹200, ದಾರ ₹100, ಸಾಗಣೆ ₹100. ಹೊಲಿಗೆ ದಿನಕ್ಕೆ ಅರ್ಧ ದಿನದಂತೆ 12 ದಿನ. ಮಾರಿದ ಬೆಲೆ ₹1,500.

ಐದು ಗುಂಪುಗಳಲ್ಲಿ ನಾಲ್ಕು ಅಸಲು ₹400, ಲಾಭ ₹1,100, ಅಂದರೆ ಶೇ. 275 ಎಂದು ಬರೆದವು. ಐದನೆಯ ಗುಂಪು 12 ದಿನವನ್ನು ಏನು ಮಾಡಬೇಕೆಂದು ಕೇಳಿತು.

ವಿವರಣೆ

"ಮನೇಲಿ ಕೂತು ಹೊಲಿದ್ರೆ ಕೂಲಿ ಯಾರು ಕೊಡ್ತಾರೆ?" ಎಂದು ಒಬ್ಬ ಹುಡುಗ ವಾದಿಸಿದ. "ಅಷ್ಟು ದಿನ ತೋಟಕ್ಕೆ ಹೋಗಿದ್ರೆ ಕೂಲಿ ಬರ್ತಿತ್ತಲ್ಲ?" ಎಂದು ಹಿಂದಿನ ಬೆಂಚಿನ ಹುಡುಗಿ ಉತ್ತರಿಸಿದಳು. ನಾನು ವಿವರಿಸಬೇಕೆಂದಿದ್ದ ಮಾತು ಅದೇ. ದಿನಗೂಲಿ ₹350 ಎಂದಿಟ್ಟುಕೊಂಡರೆ 6 ಪೂರ್ಣ ದಿನಕ್ಕೆ ₹2,100. ಅಸಲು ₹2,500 ಆಯಿತು. ₹1,500ಕ್ಕೆ ಮಾರಿದರೆ ₹1,000, ಅಂದರೆ ಶೇ. 40 ನಷ್ಟ. ಕೌದಿ ಅದೇ, ಗಿರಾಕಿ ಕೊಟ್ಟ ಹಣವೂ ಅದೇ. ಹೆಂಗಸಿನ ದುಡಿಮೆಯನ್ನು ಸೊನ್ನೆ ಎಂದುಕೊಂಡಿದ್ದರಿಂದ ನಷ್ಟವು ಲಾಭದಂತೆ ಕಂಡಿತ್ತು.

ವಿಸ್ತರಣೆ

ಶೇ. 10 ಲಾಭಕ್ಕೆ ಆಕೆಯ ಕೈಗೆ ₹2,750 ಬರಬೇಕು. ಅಂಗಡಿಯವರು ಮಾರಾಟ ಬೆಲೆಯಲ್ಲಿ ಶೇ. 20 ಕಮಿಷನ್ ಹಿಡಿದರೆ ಬೆಲೆ ಎಷ್ಟಿರಬೇಕು? ಹೆಚ್ಚಿನವರು 2,750ಕ್ಕೆ ಶೇ. 20 ಸೇರಿಸಿ ₹3,300 ಎಂದರು. ತಾಳೆ ನೋಡಿಸಿದೆ: ₹3,300ರಲ್ಲಿ ₹660 ಕಳೆದರೆ ₹2,640; ₹110 ಕಡಿಮೆ. ಸರಿಯಾದ ಉತ್ತರ 2,750 ÷ 0.8 = ₹3,437.50. ಮಹಿಳೆಯರೇ ಸಂಘ ಕಟ್ಟಿಕೊಂಡು ಮಾರಾಟದ ಖರ್ಚನ್ನು ಶೇ. 10ಕ್ಕೆ ಇಳಿಸಿದರೆ ಸುಮಾರು ₹3,056 ಸಾಕು. ಗಿರಾಕಿಗೆ ಅಗ್ಗ, ಹೊಲಿದವಳಿಗೆ ಅಷ್ಟೇ ಹಣ. ಸಂಘದಿಂದ ಏನು ಉಪಯೋಗ ಎಂಬುದು ಹೀಗೆ ಲೆಕ್ಕದಲ್ಲೇ ತಿಳಿಯಿತು.

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರಲ್ಲಿ. ಇದರಿಂದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಸಾಲ ಸೌಲಭ್ಯಗಳಿಗೆ ದಾರಿಯಾಯಿತು. ಆದರೆ ಪ್ರತಿ ಕೌದಿಯಲ್ಲೂ ನಷ್ಟವಾಗುತ್ತಿದ್ದರೆ ಸಾಲದ ಕಂತು ಕಟ್ಟುವುದು ಹೇಗೆ? ಆದ್ದರಿಂದ ಬೆಂಬಲವೆಂದರೆ ಮೊದಲು ದುಡಿಮೆ ಸೇರಿದ ಬೆಲೆ, ಆಮೇಲೆ ಸಾಲ.

ಮೌಲ್ಯಮಾಪನ

ಮನೆಯಲ್ಲಿ ಅಥವಾ ನೆರೆಯಲ್ಲಿ ತಯಾರಾಗುವ ಒಂದು ವಸ್ತುವಿನ ಅಸಲು ಬರೆದು ತರಲು ಹೇಳಿದೆ. ಹಪ್ಪಳ, ಉಪ್ಪಿನಕಾಯಿ, ಬಿದಿರಿನ ಬುಟ್ಟಿಯ ಲೆಕ್ಕಗಳು ಬಂದವು. ಬಹುತೇಕ ಎಲ್ಲದರಲ್ಲೂ 'ದುಡಿಮೆ' ಎಂಬ ಸಾಲಿತ್ತು. ಕಮಿಷನ್ ಲೆಕ್ಕಕ್ಕೆ ಮಾತ್ರ ಇನ್ನೊಂದು ಅವಧಿಯ ಅಭ್ಯಾಸ ಬೇಕು.

ಸಹ-ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಸಿದ್ದಿಯರ ಮುಖದ ಚಿತ್ರಗಳಿಂದ ಆರಂಭಿಸುವುದು ಬೇಡ. ಮಕ್ಕಳ ಗಮನ ಬಣ್ಣ, ಕೂದಲಿನ ಕಡೆಗೆ ಹೋಗುತ್ತದೆ. ಕೈಕೆಲಸದಿಂದ ಆರಂಭಿಸಿದರೆ ಅವರನ್ನು ದುಡಿಯುವ ಜನರಾಗಿ ಕಾಣುತ್ತಾರೆ. 'ಪಾಪ' ಎಂಬ ಮಾತು ತರಗತಿಯಲ್ಲಿ ಬಂದರೆ ಮತ್ತೆ ಲೆಕ್ಕಕ್ಕೆ ಕರೆತನ್ನಿ. ಕೂಲಿಯ ದರವನ್ನು ಮಾತ್ರ ನಿಮ್ಮ ಊರಿನ ಮಕ್ಕಳಿಂದಲೇ ಕೇಳಿ ಬರೆಯಿರಿ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.